ಕೊರಳ ಗಂಟೆ, ಗುಡಿಯ ಗಂಟೆ

ಹೊತ್ತೆಷ್ಟಾಯಿತೆಂದು ತಿಳಿಯಬೇಕಾದಾಗ ನಾವು ‘ಎಷ್ಟು ಗಂಟೆ?’ ಎಂದು ಕೇಳುತ್ತೇವೆ. ಕೈಗಡಿಯಾರದೊಳಗೆ ಗಂಟೆಯೆಂಬ ವಸ್ತು ಇಲ್ಲ. ಗೋಡೆಯ ಗಡಿಯಾರಗಳೂ ಈಗ ಬಹುಮಟ್ಟಿಗೆ ಮೂಕವಾಗಿವೆ. ಆದರೂ ಮಾತು ಬದಲಾಗಿಲ್ಲ. ಹತ್ತು ಗಂಟೆ ಎಂದರೆ ಹತ್ತು ಸಲ ಬಾರಿಸಿದ ಸದ್ದು. ಒಂದು ಕಾಲದಲ್ಲಿ ಹೊತ್ತು ಕಣ್ಣಿಗೆ ಕಾಣುವ ಪದಾರ್ಥವಾಗಿರಲಿಲ್ಲ, ಕಿವಿಗೆ ಕೇಳುವ ಪದಾರ್ಥವಾಗಿತ್ತು ಎಂಬುದಕ್ಕೆ ಈ ಒಂದು ಮಾತೇ ಸಾಕ್ಷಿ. ಇಂಗ್ಲಿಷರದೂ ಇದೇ ಕಥೆ. ಅವರ ‘ಕ್ಲಾಕ್’ ಎಂಬ ಪದ ಮಧ್ಯಯುಗದ ಲ್ಯಾಟಿನ್ನಿನ ‘ಕ್ಲೊಕ್ಕಾ’ದಿಂದ ಬಂದದ್ದು, ಅದರ ಅರ್ಥ ಗಂಟೆ ಎಂದೇ. ಎರಡು ದೂರದ ಭಾಷೆಗಳು ಒಂದನ್ನೊಂದು ಕೇಳದೆ ಒಂದೇ ದಾರಿಯಲ್ಲಿ ನಡೆದುಬಂದಿವೆ.

ನಮ್ಮ ಹಿರಿಯರ ಲೆಕ್ಕದಲ್ಲಿ ದಿನಕ್ಕೆ ಅರವತ್ತು ಗಳಿಗೆ. ಒಂದು ಗಳಿಗೆ ಎಂದರೆ ಈಗಿನ 24 ನಿಮಿಷ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುವುದು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ. ಬಟ್ಟಲು ಮುಳುಗುವುದನ್ನು ಕಾದು ಕುಳಿತವನಿಗೆ ಮಾತ್ರ ಹೊತ್ತು ತಿಳಿದರೆ ಸಾಲದು, ಊರಿಗೆಲ್ಲ ತಿಳಿಯಬೇಕು. ಅದಕ್ಕಾಗಿ ಎತ್ತರದಲ್ಲಿ ತೂಗುಹಾಕಿದ ದಪ್ಪ ಲೋಹದ ತಟ್ಟೆಯನ್ನು ಬಡಿಯುತ್ತಿದ್ದರು. ಹಿಂದೂಸ್ಥಾನದ ಪಟ್ಟಣಗಳಲ್ಲಿ ಈ ಕೆಲಸಕ್ಕೆಂದೇ ನಿಂತ ಆಳುಗಳನ್ನು ಕಂಡು ಬಾಬರನು ತನ್ನ ಆತ್ಮಕಥೆಯಲ್ಲಿ ವಿವರವಾಗಿ ಬರೆದಿದ್ದಾನೆ. ಆ ತಟ್ಟೆಯ ವಂಶದ ಕೊನೆಯ ಕುಡಿಯನ್ನು ನಾವೆಲ್ಲರೂ ಬಲ್ಲೆವು. ನಮ್ಮ ಹಳ್ಳಿಯ ಶಾಲೆಗಳ ಜಗಲಿಯಲ್ಲಿ ತಂತಿ ಕಟ್ಟಿ ತೂಗುಹಾಕಿದ ರೈಲು ಕಂಬಿಯ ತುಂಡೇ ಅದು. ಮೈಲಿ ದೂರಕ್ಕೆ ಕೇಳುವ ಅದರ ಸದ್ದಿಗೆ ಹೆದರಿ ಓಡಿದ ಕಾಲುಗಳು ಇಂದಿನ ವಾಚಕರಲ್ಲಿ ಎಷ್ಟಿಲ್ಲ!

ಗಂಟೆ ಎಂಬ ಪದ ಸಂಸ್ಕೃತದ ‘ಘಂಟಾ’ದ ತದ್ಭವ. ಪದ ಎರವಲಾದರೂ ವಸ್ತು ಎರವಲಲ್ಲ. ಲೋಹವನ್ನು ಕರಗಿಸಲು ಕಲಿತ ಜನರೆಲ್ಲ ಅದು ನುಡಿಯುತ್ತದೆಂಬುದನ್ನು ತಾವಾಗಿಯೇ ಕಂಡುಕೊಂಡಿರಬೇಕು. ತಾಮ್ರ ಒಂದೇ ಆದರೆ ಮೆದು. ಬಡಿದರೆ ಮಂಕಾದ ಸದ್ದು. ಅದಕ್ಕೆ ತವರ ಬೆರೆಸಿದರೆ ಕಂಚು. ತಾಮ್ರ ನಾಲ್ಕು ಪಾಲು, ತವರ ಒಂದು ಪಾಲು, ಇದು ಹೆಚ್ಚು ಕಡಿಮೆ ಎಲ್ಲ ನಾಡಿನ ಗಂಟೆಯ ಲೋಹದ ಪಾಕ. ತವರ ಹೆಚ್ಚಿದಷ್ಟೂ ನಾದ ಚೆನ್ನಾಗುತ್ತದೆ, ಆದರೆ ಲೋಹ ಪೆಡಸಾಗುತ್ತದೆ. ಕೈತಪ್ಪಿ ಬಿದ್ದರೆ ಗಾಜಿನಂತೆ ಒಡೆಯುತ್ತದೆ. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಗಂಟೆ ಗಂಟೆಯಾಗಿ ಉಳಿಯುವುದಿಲ್ಲ. ನಾಗಮಂಗಲದಂತಹ ಊರುಗಳಲ್ಲಿ ಎರಕ ಹೊಯ್ಯುವ ಮನೆತನಗಳ ಕಸುಬೆಲ್ಲ ಈ ಇಕ್ಕಟ್ಟಿನ ನಡುವೆಯೇ ಬೆಳೆದದ್ದು.

ಈ ವಿದ್ಯೆಯಲ್ಲಿ ಚೀನೀಯರನ್ನು ಮೀರಿಸಿದವರಿಲ್ಲ. 1978ರಲ್ಲಿ ಹೂಬೇ ಪ್ರಾಂತದಲ್ಲಿ ಒಬ್ಬ ಪಾಳೆಯಗಾರನ ಸಮಾಧಿಯನ್ನು ಅಗೆದಾಗ 65 ಕಂಚಿನ ಗಂಟೆಗಳು ಚೌಕಟ್ಟಿನಲ್ಲಿ ಸಾಲಾಗಿ ತೂಗಿದಂತೆಯೇ ದೊರೆತವು. ಕಾಲ ಕ್ರಿಸ್ತಪೂರ್ವ 433ರ ಸುಮಾರು. ಒಂದೊಂದು ಗಂಟೆಯೂ ನಡುವೆ ಬಡಿದರೆ ಒಂದು ಸ್ವರ, ಪಕ್ಕದಲ್ಲಿ ಬಡಿದರೆ ಇನ್ನೊಂದು ಸ್ವರ ಕೊಡುತ್ತದೆ. ಗಾತ್ರದ ಹುಚ್ಚು ಬೇರೆ ಕಡೆಯದು. ಮಾಸ್ಕೋದಲ್ಲಿ 1735ರಲ್ಲಿ ಎರಕ ಹೊಯ್ದ ‘ತ್ಸಾರ್ ಗಂಟೆ’ಯ ತೂಕ ಸುಮಾರು 200 ಟನ್. ಅದನ್ನು ಎತ್ತಿ ಕಟ್ಟುವ ಮೊದಲೇ, 1737ರ ಬೆಂಕಿಯಲ್ಲಿ ಒಂದು ಚೂರು ಸಿಡಿದುಹೋಯಿತು. ಲೋಕದ ಅತಿ ದೊಡ್ಡ ಗಂಟೆ ಒಂದು ದಿನವೂ ನುಡಿಯಲಿಲ್ಲ. ಅದಕ್ಕಿಂತ ಬರ್ಮಾದ ಮಿಂಗುನಿನ ಗಂಟೆ ನನಗೆ ಹೆಚ್ಚು ಮೆಚ್ಚುಗೆಯದು. ಅದೂ 90 ಟನ್ನಿನ ಆನೆಯೇ, ಆದರೆ ನುಡಿಯುವ ಆನೆ.

ದೊಡ್ಡ ಗಂಟೆಗಳ ವಿಷಯ ಇಷ್ಟು ಸಾಕು. ನನ್ನ ಮನಸ್ಸು ಇರುವುದು ಸಣ್ಣ ಗಂಟೆಗಳಲ್ಲಿ. ಅದರಲ್ಲಿಯೂ ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಲ್ಲಿ ನಾನು ಕಂಡ ಒಂದು ಗೊಂಚಲಿನಲ್ಲಿ.

ಬೀಡು ಎಂದರೆ ಬಿಟ್ಟು ತಂಗಿದ ಜಾಗ. ಬಿಡಾರವೂ ಅದೇ ಮನೆಯ ಮಾತು, ಹಳೇಬೀಡಿನ ಬೀಡೂ ಅದೇ. ಹೆಸರಿನಲ್ಲಿ ಭೀಮನಿದ್ದಾನೆಂದ ಮೇಲೆ ಪಾಂಡವರ ವನವಾಸ ನೆನಪಾಗದೆ ಇರದು. ನಮ್ಮ ನಾಡಿನಲ್ಲಿ ಭೀಮ ತಂಗದ ಕಾಡು ಯಾವುದು, ಸೀತೆ ಮೀಯದ ಕೊಳ ಯಾವುದು! ಪುರಾಣ ಹೇಗೇ ಇರಲಿ, ಇದು ಕಾಡಂಚಿನ ಸೀಮೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಬಂಡೀಪುರದ ಅರಣ್ಯ ಎಲ್ಲ ಈ ತಾಲ್ಲೂಕಿನವೇ. ಇಂತಹ ಸೀಮೆಯಲ್ಲಿ ದನವೆಂದರೆ ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕಿ ಸಾಕುವ ದನವಲ್ಲ. ಬೆಳಿಗ್ಗೆ ಬಿಟ್ಟರೆ ಸಂಜೆಗೆ ಹಿಂದಿರುಗಬೇಕು. ನಡುವಿನ ಹೊತ್ತೆಲ್ಲ ಅದು ಎಲ್ಲಿದೆಯೆಂದು ಹೇಳುವುದು ಅದರ ಕೊರಳು.

ನಾನು ಪರಿಚಯದವರೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದಾಗ ಪಕ್ಕದ ಮನೆಯ ಹಿರಿಯರ ಕೊಟ್ಟಿಗೆಯಲ್ಲಿ ಒಂದು ಗೂಟಕ್ಕೆ ಹಳೆಯ ಗಂಟೆಗಳನ್ನು ತೂಗುಹಾಕಿದ್ದುದು ಕಣ್ಣಿಗೆ ಬಿತ್ತು. ಹಿತ್ತಾಳೆಯ ಎರಕದವು ನಾಲ್ಕು. ಕಬ್ಬಿಣದ ತಗಡನ್ನು ಮಡಿಸಿ ಬಡಿದು ಮಾಡಿದ್ದು ಎರಡು. ಮರವನ್ನು ತೋಡಿ ಒಳಗೆ ಮರದ ನಾಲಗೆ ಕಟ್ಟಿದ್ದು ಒಂದು. ಕೊಟ್ಟಿಗೆಯಲ್ಲಿ ಈಗಿರುವುದು ಒಂದು ಸೀಮೆಹಸು, ಅದರ ಕೊರಳಲ್ಲಿ ಬರಿಯ ಹಗ್ಗ. ಆ ಹಿರಿಯರು ಗಂಟೆಗಳನ್ನು ಒಂದೊಂದಾಗಿ ಅಲ್ಲಾಡಿಸಿ ಇದು ಇಂಥ ಎತ್ತಿನದು, ಇದು ಇಂಥ ಹಸುವಿನದು ಎಂದು ಹೇಳುತ್ತ ಹೋದರು. ಆ ದನಗಳು ಹೋಗಿ ಇಪ್ಪತ್ತು ವರ್ಷಗಳ ಮೇಲಾಗಿದೆ.

“ಕತ್ತಲಲ್ಲಿ ಬಾರಿಸಿದರೂ ಗುರುತು ಹಿಡಿಯುತ್ತೀರಾ ತಾತ?” ಎಂದೆ.

“ಮನ್ಸರ ದನಿ ಮರ್ತೋಗಬೌದು ಸಾಮಿ, ಗಂಟ ಸದ್ದು ಮರ್ಯಕಿಲ್ಲ” ಎಂದರು. ಆಮೇಲೆ ಕಾಡಿನಲ್ಲಿ ಗಂಟೆಯನ್ನು ಓದುವ ಬಗೆಯನ್ನು ವಿವರಿಸಿದರು. ಬಿಟ್ಟು ಬಿಟ್ಟು ನುಡಿದರೆ ದನ ಮೇಯುತ್ತಿದೆ. ಒಂದೇ ಸಮನೆ ತೂಗಿದರೆ ನಡೆಯುತ್ತಿದೆ, ನೀರಿನ ಕಡೆಗೋ ಮನೆಯ ಕಡೆಗೋ. ಆಗಾಗ ಒಂದು ಸಣ್ಣ ಕಿಣಿ ಕೇಳಿದರೆ ಮಲಗಿ ಮೆಲುಕು ಹಾಕುತ್ತಿದೆ, ನೊಣ ಓಡಿಸುತ್ತಿದೆ. “ಎಲ್ಲಾ ಗಂಟನೂ ಒಂದೇ ಏಟ್ಗ ಎದ್ದು, ಒಂದೇ ಏಟ್ಗ ನಿಂತೋದ್ರ, ಆಗ ಮಾತ್ರ ಎದ ಧಸಕ್ಕಂತದ ಸಾಮಿ.” ಯಾಕೆಂದು ನಾನು ಕೇಳಲಿಲ್ಲ. ಗೊಂಚಲಿನಲ್ಲಿ ಒಂದು ಹಿತ್ತಾಳೆಯ ಗಂಟೆಯ ಬಾಯಿ ನೆಗ್ಗಿತ್ತು. ಅದನ್ನು ಮಾತ್ರ ಅವರು ಅಲ್ಲಾಡಿಸದೆ ಬಿಟ್ಟರು.

ಮರದ ಗಂಟೆಯೇಕೆ ಬೇಕು, ಹಿತ್ತಾಳೆ ಇರುವಾಗ? ಬಡತನ ಒಂದು ಕಾರಣ. ಇನ್ನೊಂದು ಕಾರಣ ಕಾಡಿನದು. ತೆಳುವಾದ ಏರುದನಿ ಎಲೆಗಳಿಗೆ ತಾಗಿ ಚೆದರಿಹೋಗುತ್ತದೆ. ತಗ್ಗುದನಿ ಪೊದೆಗಳನ್ನು ಹಾದು ದೂರಕ್ಕೆ ಸಾಗುತ್ತದೆ. ಬಯಲಿನಲ್ಲಿ ಹಿತ್ತಾಳೆ ಗೆಲ್ಲುತ್ತದೆ, ಮೆಳೆಯಲ್ಲಿ ಮರ. ಇದನ್ನು ಕಂಡುಕೊಂಡವರು ಯಾವ ಶಾಲೆಯಲ್ಲಿಯೂ ಓದಿದವರಲ್ಲ.

ಬರ್ಮಾದ ತೇಗದ ಕಾಡುಗಳಲ್ಲಿ ಆನೆಗಳ ಕೊರಳಿಗೂ ಮರದ ಗಂಟೆಯೇ. ರಾತ್ರಿ ಮೇಯಲು ಬಿಟ್ಟ ಆನೆಯನ್ನು ಬೆಳಿಗ್ಗೆ ಅದರ ಗಂಟೆಯ ದನಿಯಿಂದಲೇ ಮಾವುತ ಹುಡುಕುತ್ತಿದ್ದ. ಆದ್ದರಿಂದ ತನ್ನ ಆನೆಯ ಗಂಟೆಯನ್ನು ತಾನೇ ಕೆತ್ತಿಕೊಳ್ಳುತ್ತಿದ್ದ. ಜೆ. ಎಚ್. ವಿಲಿಯಮ್ಸ್ ಎಂಬಾತ 1950ರಲ್ಲಿ ಪ್ರಕಟಿಸಿದ ‘ಎಲಿಫೆಂಟ್ ಬಿಲ್’ ಎಂಬ ಪುಸ್ತಕದಲ್ಲಿ ಒಂದು ಸ್ವಾರಸ್ಯವಾದ ಸಂಗತಿಯಿದೆ. ಬಾಳೆಯ ತೋಟಕ್ಕೆ ನುಗ್ಗಬೇಕೆಂದಿರುವ ತುಂಟ ಆನೆಗಳು ಮೊದಲು ಗಂಟೆಯೊಳಗೆ ಕೆಸರು ಮೆತ್ತಿಕೊಂಡು ಅದರ ಬಾಯಿ ಕಟ್ಟುತ್ತಿದ್ದವಂತೆ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಸಭೆ ಸೇರಿದ ಕಥೆ ನಮಗೆ ಗೊತ್ತು. ಕಟ್ಟಿದ ಗಂಟೆಯನ್ನು ಮೂಕವಾಗಿಸುವ ಉಪಾಯ ಆನೆಗೆ ಗೊತ್ತು.

ಭೀಮನಬೀಡಿನ ಸುತ್ತ ಗಂಟೆಗಳ ಸದ್ದು ಅಡಗಿದ್ದಕ್ಕೆ ಕಾರಣ ಒಂದೇ ಅಲ್ಲ. ಗೋಪಾಲಸ್ವಾಮಿ ಬೆಟ್ಟದ ದೇವರು ಕೊಳಲೂದುವ ವೇಣುಗೋಪಾಲ, ದನ ಕಾಯುವವರ ದೇವರು. ಮೈಸೂರು ಅರಸರ ಕಾಲದಲ್ಲಿ, 1941ರಲ್ಲಿ, ಇಲ್ಲಿನ ಕಾಡನ್ನು ವನ್ಯಮೃಗಗಳಿಗಾಗಿ ಮೀಸಲಿಟ್ಟಾಗ ಅದಕ್ಕೆ ಇಟ್ಟ ಹೆಸರು ವೇಣುಗೋಪಾಲ ಉದ್ಯಾನವೆಂದು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಹುಲಿಗೆ ಕಾಡು ಬೇಕೆಂಬುದು ಒಪ್ಪತಕ್ಕ ಮಾತೇ. ಆದರೆ ಗೋಪಾಲನ ಹೆಸರಿನ ವನದೊಳಗೆ ಗೋವಿಗೆ ಎಡೆಯಿಲ್ಲದಾಯಿತೆಂಬುದನ್ನು ಗಮನಿಸದೆ ಇರಲಾರೆ. ಗೋವಿನ ಹಾಡಿನ ಪುಣ್ಯಕೋಟಿಗೂ ಹುಲಿಗೂ ನಡೆದ ಒಪ್ಪಂದ ಸತ್ಯದ ಮೇಲೆ ನಿಂತಿತ್ತು; ಈಗಿನದು ಕಂದಕದ ಮೇಲೆ, ಬೇಲಿಯ ಮೇಲೆ.

ಇನ್ನೊಂದು ಕಾರಣ ಕೇಳಿದರೆ ಪೇಟೆಯವರಿಗೆ ಸೋಜಿಗವೆನಿಸೀತು. ಈ ಸೀಮೆಯ ದನದ ಗೊಬ್ಬರ ಒಂದು ಕಾಲದಲ್ಲಿ ಲಾರಿಗಟ್ಟಲೆ ಗಡಿ ದಾಟಿ ಕಾಫಿ ತೋಟಗಳಿಗೆ ಹೋಗತೊಡಗಿತು. ಕಾಫಿಯ ಬೆಲೆ ಏರಿದಾಗ ಗೊಬ್ಬರಕ್ಕೆ ಬೇಡಿಕೆ, ಗೊಬ್ಬರಕ್ಕಾಗಿ ದನ, ದನಕ್ಕಾಗಿ ಬಂಡೀಪುರದ ಹುಲ್ಲು. ದೂರದ ಪರದೇಶದ ಕಾಫಿ ಸಂತೆಗೂ ಗುಂಡ್ಲುಪೇಟೆಯ ಮುದಿ ಹಸುವಿಗೂ ಇದ್ದ ಈ ನಂಟನ್ನು ಎಂ. ಡಿ. ಮಧುಸೂದನ್ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿಕೊಟ್ಟರು. ಹಾಲಿಗಲ್ಲ, ಉಳುಮೆಗಲ್ಲ, ಸಗಣಿಗಾಗಿ ಸಾಕಿದ ಮಂದೆಗೆ ಹಿತ್ತಾಳೆಯ ಗಂಟೆ ಕಟ್ಟುವ ಉತ್ಸಾಹ ಯಾರಿಗೆ ಬರಬೇಕು? ಕಟ್ಟುವುದು ಹೆಸರಿಟ್ಟು ಕರೆಯುವ ದನಕ್ಕೆ. ಟ್ರಾಕ್ಟರು ಬಂದ ಮೇಲೆ ಹೆಸರಿನ ಎತ್ತುಗಳೂ ಕಡಿಮೆಯಾದವು. ಮುಡುಕುತೊರೆಯಂತಹ ಜಾತ್ರೆಗಳಲ್ಲಿ ಮೂಗುದಾರ, ಹಣೆಪಟ್ಟಿ, ಕೊಂಬಿನ ಕಳಸಗಳ ಜೊತೆಗೆ ಗಂಟೆಯ ಸರಗಳನ್ನು ಈಗಲೂ ಮಾರುತ್ತಾರೆ. ಕೊಳ್ಳುವವರಲ್ಲಿ ಮನೆಯ ಬಾಗಿಲಿಗೆ ಅಲಂಕಾರಕ್ಕೆಂದು ಒಯ್ಯುವ ನಮ್ಮಂಥವರೂ ಇದ್ದಾರೆ.

ಫ್ರಾನ್ಸಿನಲ್ಲಿ ಇದು ಕಾನೂನಿನ ಮಾತೇ ಆಯಿತು. ಹಳ್ಳಿಗಳಲ್ಲಿ ಮನೆ ಕೊಂಡ ಪಟ್ಟಣಿಗರು ಕೋಳಿ ಕೂಗುತ್ತದೆ, ಹಸುವಿನ ಗಂಟೆ ನಿದ್ದೆ ಕೆಡಿಸುತ್ತದೆ ಎಂದು ಕೋರ್ಟು ಹತ್ತಿದರು. 2021ರ ಜನವರಿಯಲ್ಲಿ ಅಲ್ಲಿನ ಶಾಸನಸಭೆ ಹಳ್ಳಿಯ ಸದ್ದು, ವಾಸನೆಗಳೂ ನಾಡಿನ ಪಿತ್ರಾರ್ಜಿತವೆಂದು ಕಾಯಿದೆ ಮಾಡಿತು. ನಮ್ಮಲ್ಲಿ ಅಂತಹ ದಾವೆ ಯಾರೂ ಹೂಡಿಲ್ಲ. ಸದ್ದು ತಾನಾಗಿಯೇ ನಿಂತುಹೋದ ಮೇಲೆ ಹೂಡುವುದೇನನ್ನು?

ಇನ್ನು ಗುಡಿಯ ಗಂಟೆ. ದೇವರ ಮುಂದೆ ಗಂಟೆ ಬಾರಿಸುವುದು ದೇವತೆಗಳನ್ನು ಬರಮಾಡಿಕೊಳ್ಳಲು, ರಾಕ್ಷಸರನ್ನು ಓಡಿಸಲು ಎಂದು ಪೂಜೆಯ ಮಂತ್ರವೇ ಹೇಳುತ್ತದೆ. ಕಾಡಿನಲ್ಲಿ ದನದ ಗಂಟೆ ಮಾಡುವ ಕೆಲಸವೂ ಇದೇ ಅಲ್ಲವೆ? ಒಡೆಯನನ್ನು ಕರೆಯುವುದು, ಕ್ರೂರಮೃಗವನ್ನು ದೂರವಿಡುವುದು. ಕೈಗಂಟೆಯ ಹಿಡಿಯ ತುದಿಯಲ್ಲಿ ಕುಳಿತವರನ್ನು ನೋಡಿದರೆ ಮನೆ ಯಾವ ಮತದ್ದೆಂದು ತಿಳಿಯುತ್ತದೆ: ಗರುಡ, ಹನುಮ, ಚಕ್ರವಾದರೆ ವೈಷ್ಣವರು, ನಂದಿಯಾದರೆ ಶೈವರು. ಟಿಬೆಟ್ಟಿನ ಬೌದ್ಧ ಭಿಕ್ಷುಗಳು ಬಲಗೈಯಲ್ಲಿ ವಜ್ರ, ಎಡಗೈಯಲ್ಲಿ ಗಂಟೆ ಹಿಡಿಯುತ್ತಾರೆ. ಅವರಿಗೆ ಗಂಟೆಯೆಂದರೆ ಪ್ರಜ್ಞೆ. ಜಪಾನಿನ ದೇಗುಲದ ಗಂಟೆಗೆ ನಾಲಗೆಯೇ ಇಲ್ಲ. ಹೊರಗಿನಿಂದ ಮರದ ದಿಮ್ಮಿಯನ್ನು ತೂಗಿ ಬಡಿಯುತ್ತಾರೆ. ವರ್ಷದ ಕೊನೆಯ ರಾತ್ರಿ 108 ಸಲ.

ಗಂಟೆ ಬಾರಿಸದ ಸಂಪ್ರದಾಯವೂ ಒಂದುಂಟು, ಅದರ ಕಥೆ ನಮ್ಮ ಚಾಮರಾಜನಗರ ಜಿಲ್ಲೆಯವರೆಗೆ ಬರುತ್ತದೆ. ಶ್ರೀವೈಷ್ಣವ ಆಚಾರ್ಯರಾದ ವೇದಾಂತ ದೇಶಿಕರು 1268ರಲ್ಲಿ ಕಂಚಿಯ ತೂಪ್ಪುಲ್‌ನಲ್ಲಿ ಹುಟ್ಟಿದರೆಂಬುದು ಸಂಪ್ರದಾಯದ ಲೆಕ್ಕ. ತಿರುಮಲೆಯ ದೇವರ ಗಂಟೆಯನ್ನು ತಾನು ನುಂಗಿದಂತೆ ತಾಯಿ ತೋತಾರಂಬೆ ಕನಸು ಕಂಡಳಂತೆ. ಮಗ ಆ ಗಂಟೆಯ ಅವತಾರ. ಗಂಟೆಯೇ ಆಚಾರ್ಯರಾಗಿ ಬಂದ ಮೇಲೆ ಅದನ್ನು ಕೈಯಲ್ಲಿ ಹಿಡಿದು ಬಾರಿಸುವುದು ಹೇಗೆ? ವಡಗಲೈ ಪಂಗಡದ ಅನೇಕ ಮನೆಗಳಲ್ಲಿ ಪೂಜೆಗೆ ಕೈಗಂಟೆ ಆಡಿಸದಿರುವುದು ಈ ಕಾರಣದಿಂದ.

1323ರಲ್ಲಿ ದೆಹಲಿಯ ಸೇನೆ ಶ್ರೀರಂಗದ ಮೇಲೆ ಬಿದ್ದಿತು. ದೇಶಿಕರು ಶವಗಳ ನಡುವೆ ಅಡಗಿದ್ದು, ಸುದರ್ಶನ ಸೂರಿಗಳ ಇಬ್ಬರು ಮಕ್ಕಳನ್ನೂ ‘ಶ್ರುತಪ್ರಕಾಶಿಕೆ’ಯ ಓಲೆಗಳನ್ನೂ ಕಾಪಾಡಿಕೊಂಡು ಕನ್ನಡನಾಡಿಗೆ ಬಂದರೆಂದೂ, ಕೊಳ್ಳೇಗಾಲ ಸೀಮೆಯ ಸತ್ಯಾಗಾಲದಲ್ಲಿ ನೆಲಸಿ ಭಯ ನೀಗಲೆಂದು ‘ಅಭೀತಿಸ್ತವ’ವನ್ನು ರಚಿಸಿದರೆಂದೂ ಹೇಳುತ್ತಾರೆ. ಶ್ರೀರಂಗದ ಉತ್ಸವಮೂರ್ತಿಯೂ ಊರೂರು ತಿರುಗಿತು. ಅದು ತಂಗಿದ ಊರುಗಳ ಪಟ್ಟಿಯಲ್ಲಿ ಬರುವ ತಿರುಕ್ಕಣಾಂಬಿ ಎಂದರೆ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯ ತೆರಕಣಾಂಬಿಯೇ. ಮೂರ್ತಿ ಶ್ರೀರಂಗಕ್ಕೆ ಮರಳಿದ್ದು 1371ರಲ್ಲಿ. ಅಷ್ಟು ವರ್ಷಗಳ ಕಾಲ ದೇವರನ್ನು ಹೊತ್ತು ಕಾಡು ದಾಟಿದವರು ಗಂಟೆ ಬಾರಿಸುತ್ತ ನಡೆದಿರಲಾರರು. ಹೊತ್ತವರಿಗೆ ಆಗ ಬೇಕಾಗಿದ್ದುದು ಆ ಬರ್ಮಾದ ಆನೆಗಳ ಜಾಣತನ.

ಗಂಟೆ ಇರುವುದು ಗುಡಿಯಲ್ಲಿ ಮಾತ್ರವಲ್ಲ, ನಮ್ಮ ಸೀಮೆಯಲ್ಲಿ ಅದು ದಾರಿಯಲ್ಲಿ ನಡೆದು ಮನೆಬಾಗಿಲಿಗೂ ಬರುತ್ತದೆ. ಕಾಲಿಗೆ ಜಂಗು ಕಟ್ಟಿದ ಜಂಗಮ, ಶಂಖ ಜಾಗಟೆಯ ದಾಸಯ್ಯ, ಬಿಳಿಗಿರಿರಂಗನ ಒಕ್ಕಲು, ಕರಡಿಕೂದಲ ಟೋಪಿಯ ಗೊರವಯ್ಯ, ತಂಬೂರಿಯ ಜೊತೆಗೆ ಗಗ್ಗರ ಹಿಡಿದು ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು, ಮಾದಪ್ಪನ ಕಂಸಾಳೆಯವರು. ಕಂಸಾಳೆಯೂ ಗಂಟೆಯೂ ಒಂದೇ ಕಂಚಿನ ಮಕ್ಕಳು. ಒಂದು ಒಡಲೊಳಗೆ ನಾಲಗೆಯಿಟ್ಟುಕೊಂಡು ನುಡಿದರೆ ಇನ್ನೊಂದು ಜೋಡಿಯ ಮೈಗೆ ಮೈ ತಾಗಿಸಿ ನುಡಿಯುತ್ತದೆ. ಸದ್ದು ಕೇಳಿದರೆ ಸಾಕು, ಬಾಗಿಲಲ್ಲಿ ಯಾರು ನಿಂತಿದ್ದಾರೆಂದು ಒಳಗಿನವರಿಗೆ ಗೊತ್ತಾಗಿ ಮೊರ ಕೈಗೆ ಬರುತ್ತಿತ್ತು.

ಈ ಸಾಲಿನಲ್ಲಿ ಒಬ್ಬನ ವಿಷಯವನ್ನು ನಿಂತು ಹೇಳಬೇಕು. ಅವನು ಛಲವಾದಿ. ದಲಿತರ ಬಲಗೈ ಪಂಗಡದವನು. ವೀರಶೈವ ಲಿಂಗಾಯತರ ಮದುವೆ, ಮೆರವಣಿಗೆ, ಸಾವುಗಳಲ್ಲಿ ಎಲ್ಲರಿಗಿಂತ ಮುಂದೆ ನಡೆಯತಕ್ಕವನು. ಅವನ ಕೈಯಲ್ಲಿ ಗಂಟೆಬಟ್ಟಲು: ಉದ್ದ ಹಿಡಿಯ ಲೋಹದ ಸೌಟಿನಂತಹ ಬಟ್ಟಲು, ಅದಕ್ಕೆ ಸರಪಣಿಯಿಂದ ಸೇರಿಸಿದ ಗಂಟೆ, ಅದರ ಮೇಲೆ ಲಿಂಗ, ನಂದಿಗಳ ಕೆತ್ತನೆ. ಗಂಟೆ ಕೆಡವದೆ ಕಾಪಾಡುವುದು ಅವನ ಕುಲದ ಮಾನ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಾತಿಗಳ ವಿವರ ಬರೆದಿಟ್ಟ ಅಧಿಕಾರಿಗಳು ಈ ಗಂಟೆಬಟ್ಟಲನ್ನು ಬೆರಗಿನಿಂದ ವರ್ಣಿಸಿದ್ದಾರೆ. ಆದರೆ ಮೆರವಣಿಗೆ ಮಂಟಪ ಮುಟ್ಟಿದ ಮೇಲೆ ಗಂಟೆ ಹಿಡಿದವನು ಎಲ್ಲಿ ನಿಲ್ಲುತ್ತಿದ್ದ? ಹೊರಗೆ. ಅವನ ಗಂಟೆಯಿಲ್ಲದೆ ಶುಭಕಾರ್ಯ ಹೊರಡುವಂತಿಲ್ಲ, ಅವನು ಹೊಸ್ತಿಲು ದಾಟುವಂತಿಲ್ಲ. ಇದನ್ನು ಗೌರವವೆಂದು ಹಾಡಿ ಹೊಗಳುವವರನ್ನು ಕಂಡಿದ್ದೇನೆ. ನನಗೆ ಹಾಗೆ ಹೊಗಳಲು ನಾಲಗೆ ಏಳುವುದಿಲ್ಲ.

ಸದ್ದು ಮಾಡಿ ತನ್ನನ್ನು ತೋರಿಸಿಕೊಳ್ಳಬೇಕೆಂಬ ಕಟ್ಟಳೆ ಬಹಳ ಹಳೆಯದು. ಐದನೆಯ ಶತಮಾನದ ಆದಿಯಲ್ಲಿ ಇಂಡಿಯಾಕ್ಕೆ ಬಂದ ಚೀನಿ ಯಾತ್ರಿಕ ಫಾಹಿಯಾನ್ ಬರೆಯುವಂತೆ, ಚಂಡಾಲರು ಪಟ್ಟಣದ ಬಾಗಿಲನ್ನಾಗಲಿ ಸಂತೆಯನ್ನಾಗಲಿ ಹೊಗುವಾಗ ಮರದ ತುಂಡನ್ನು ಬಡಿಯಬೇಕಾಗಿತ್ತು, ಉಳಿದವರು ಕೇಳಿ ದೂರ ಸರಿಯಲೆಂದು. ಮಧ್ಯಯುಗದ ಯೂರೋಪಿನಲ್ಲಿ ಕುಷ್ಠರೋಗಿಯ ಕೈಯಲ್ಲಿ ಇದ್ದುದೂ ಇಂಥ ಕೋಲುಗಟ್ಟೆ ಅಥವಾ ಗಂಟೆ. ದನದ ಕೊರಳಿಗೆ ಗಂಟೆ ಕಟ್ಟಿದ್ದು ಅದು ಕಳೆದುಹೋಗದಿರಲಿ ಎಂಬ ಅಕ್ಕರೆಯಿಂದ. ಮನುಷ್ಯನ ಕೈಗೆ ಕೊಟ್ಟದ್ದು ಅವನು ಹತ್ತಿರ ಬಾರದಿರಲಿ ಎಂದು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ತನ್ನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ದೇವಸ್ಥಾನದ ಬಾಗಿಲಲ್ಲಿ ತೂಗಿರುವ ಗಂಟೆಯನ್ನು ಕೈಯೆತ್ತಿ ಬಾರಿಸುವುದು ಕೆಲವರಿಗೆ ಯೋಚನೆಯೇ ಇಲ್ಲದ ಅಭ್ಯಾಸ. ಇನ್ನು ಕೆಲವರಿಗೆ ಹೋರಾಡಿ ಪಡೆದ ಹಕ್ಕು. ಎರಡೂ ಗಂಟೆಗಳ ಸದ್ದು ಕಿವಿಗೆ ಒಂದೇ ಆಗಿ ಕೇಳುತ್ತದೆ.

ಗಂಟೆಯ ಹಗ್ಗ ಯಾರ ಕೈಗೂ ಎಟುಕಬೇಕೆಂದು ಬಯಸಿದ ಅರಸರ ಕಥೆಗಳೂ ಇವೆ. ಸಿಂಹಳದ ‘ಮಹಾವಂಸ’ದಲ್ಲಿ ಬರುವ ತಮಿಳು ದೊರೆ ಎಳಾರನ ಹಾಸಿಗೆಯ ತಲೆದೆಸೆಯಲ್ಲಿ ಒಂದು ಗಂಟೆ, ಅದರ ಹಗ್ಗ ಅರಮನೆಯ ಹೊರಗೆ. ರಾಜಕುಮಾರನ ರಥದಡಿಗೆ ಸಿಕ್ಕಿ ಕರು ಸತ್ತಾಗ ತಾಯಿಹಸು ಬಂದು ಆ ಹಗ್ಗವನ್ನು ಎಳೆಯಿತು. ದೊರೆ ಮಗನಿಗೆ ಅದೇ ರಥದ ಚಕ್ರದಡಿಯಲ್ಲಿ ಶಿಕ್ಷೆ ಮಾಡಿಸಿದ. ತಮಿಳುನಾಡಿನಲ್ಲಿ ಇದೇ ಕಥೆಯನ್ನು ತಿರುವಾರೂರಿನ ಮನುನೀತಿ ಚೋಳನ ಮೇಲೆ ಹೇಳುತ್ತಾರೆ. ಇಟಲಿಯ ಆತ್ರಿ ಎಂಬ ಊರಿನ ಕಥೆಯಲ್ಲಿ ಗಂಟೆ ಬಾರಿಸಿದ್ದು ಒಡೆಯ ಹೊರಗಟ್ಟಿದ ಒಂದು ಮುದಿ ಕುದುರೆ. ಸವೆದ ಹಗ್ಗಕ್ಕೆ ಕಟ್ಟಿದ್ದ ಬಳ್ಳಿಯನ್ನು ಹಸಿವಿನಿಂದ ಜಗ್ಗಿತು; ನ್ಯಾಯ ದೊರೆಯಿತು. ಕಥೆಗಳಲ್ಲೆಲ್ಲ ನ್ಯಾಯದ ಗಂಟೆ ಬಾರಿಸುವುದು ಪಶುಗಳೇ ಏಕೆ? ಮನುಷ್ಯರಿಗೆ ಕಾವಲುಗಾರರ ಭಯ ಇದ್ದುದರಿಂದ ಇರಬಹುದು ಎಂದು ನನ್ನ ಊಹೆ.

ಕಥೆಯಲ್ಲದ ನ್ಯಾಯಘಂಟೆಯೂ ಒಂದಿದೆ. ಜಹಾಂಗೀರನು 1605ರಲ್ಲಿ ಪಟ್ಟವೇರಿದಾಗ ಹೊರಡಿಸಿದ ಮೊದಲ ಅಪ್ಪಣೆಯೇ ಆಗ್ರಾ ಕೋಟೆಯ ಬುರುಜಿನಿಂದ ಯಮುನೆಯ ದಡದ ಕಲ್ಲುಕಂಬದವರೆಗೆ ನ್ಯಾಯದ ಸರಪಣಿ ಕಟ್ಟಬೇಕೆಂದು. ಉದ್ದ 30 ಗಜ, ಗಂಟೆಗಳು 60, ಎಲ್ಲ ಅಪ್ಪಟ ಚಿನ್ನ, ತೂಕ ನಾಲ್ಕು ಮಣ. ಲೆಕ್ಕವನ್ನೆಲ್ಲ ಅವನೇ ಬರೆದಿಟ್ಟಿದ್ದಾನೆ. ನೊಂದವನು ಚಿನ್ನದ ಸರಪಣಿ ಮುಟ್ಟಲು ಹೋದರೆ ಕಳ್ಳನೆಂದು ಹಿಡಿಯದಿದ್ದರೆ ಪುಣ್ಯ! ಅದಕ್ಕಿಂತ ಕುಮಾಊಂ ಬೆಟ್ಟಗಳ ಪದ್ಧತಿ ಹೆಚ್ಚು ನೆಚ್ಚತಕ್ಕದ್ದು. ಅಲ್ಮೋಡಾದ ಬಳಿ ಚಿತಯೀ ಎಂಬಲ್ಲಿ ಗೋಲು ದೇವತೆಗೆ ಜನ ತಮ್ಮ ದೂರನ್ನು ಛಾಪಾ ಕಾಗದದ ಮೇಲೆ ಬರೆದು ಕಟ್ಟುತ್ತಾರೆ; ನ್ಯಾಯ ದೊರೆತರೆ ಗಂಟೆಯೊಂದನ್ನು ತಂದು ತೂಗುಹಾಕುತ್ತಾರೆ. ಅಲ್ಲೀಗ ಗಂಟೆಗಳು ಸಾವಿರಾರು. ನಮ್ಮ ಯಲ್ಲಾಪುರ ತಾಲ್ಲೂಕಿನ ಚಂದಗುಳಿಯ ಘಂಟೆ ಗಣಪತಿಗೂ ಹರಕೆ ತೀರಿದವರು ಒಪ್ಪಿಸುವುದು ಗಂಟೆಯನ್ನೇ.

ಕಟ್ಟಿದ ಗಂಟೆ ಕಟ್ಟಿದಲ್ಲಿಯೇ ಇರುತ್ತದೆಂಬ ನೆಚ್ಚಿಕೆಯಿಲ್ಲ. 1739ರಲ್ಲಿ ಚಿಮಾಜಿ ಅಪ್ಪನ ಮರಾಠಾ ಸೇನೆ ಪೋರ್ಚುಗೀಸರಿಂದ ವಸಯಿ ಕೋಟೆಯನ್ನು ಗೆದ್ದಾಗ ಅಲ್ಲಿನ ಇಗರ್ಜಿಗಳ ಗಂಟೆಗಳು ಇಳಿದು ಮಹಾರಾಷ್ಟ್ರದ ದೇವಸ್ಥಾನಗಳಿಗೆ ಏರಿದವು. ನಾಸಿಕದ ನಾರೋಶಂಕರ ದೇವಸ್ಥಾನದ ಗಂಟೆಯ ಮೇಲೆ 1721 ಎಂಬ ಇಸವಿ ಇದೆ. ಭೀಮಾಶಂಕರದಲ್ಲಿಯೂ ಅಂತಹ ಒಂದುಂಟು. ಮೇರಿಮಾತೆಗೆ ನುಡಿದ ಕಂಚು ಶಿವನಿಗೂ ಅದೇ ದನಿಯಲ್ಲಿ ನುಡಿಯಿತು. ಅವು ಪುಣ್ಯಮಾಡಿದ್ದವು. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಸರ್ಕಾರ ಯೂರೋಪಿನ ಗೋಪುರಗಳಿಂದ ಇಳಿಸಿದ ಗಂಟೆಗಳು ಸುಮಾರು 1,75,000. ಯುದ್ಧಸಾಮಗ್ರಿಗೆ ತಾಮ್ರ, ತವರ ಬೇಕಾಗಿತ್ತು. ಅವುಗಳಲ್ಲಿ ಸುಮಾರು 1,50,000 ಕುಲುಮೆಗೆ ಹೋದವು. ಉಳಿದವನ್ನು ಯುದ್ಧ ಮುಗಿದ ಮೇಲೆ ಹ್ಯಾಂಬರ್ಗಿನ ರಾಶಿಯಿಂದ ಆಯ್ದು ಊರೂರಿಗೆ ಮರಳಿಸಿದರು.

ಮತ್ತೆ ಗುಂಡ್ಲುಪೇಟೆಯ ದಾರಿಗೆ ಬರುತ್ತೇನೆ, ಒಂದು ಗಂಟೆಯ ಮಾತು ಉಳಿದಿದೆ. ಭೀಮನಬೀಡಿರುವ ತಾಲ್ಲೂಕಿನದೇ ಊರು ಹಂಗಳ. ಚಿಕ್ಕದೇವರಾಜ ಒಡೆಯರು 1673ರಲ್ಲಿ ಪಟ್ಟಕ್ಕೆ ಬರುವ ಮುನ್ನ ತಂದೆಯೊಡನೆ ಈ ಹಂಗಳದಲ್ಲಿದ್ದರು. ತಂದೆಯ ನೆನಪಿಗೆ ಅವರು ಕಟ್ಟಿಸಿದ ಪರವಾಸುದೇವ ದೇವಸ್ಥಾನ ಗುಂಡ್ಲುಪೇಟೆಯಲ್ಲಿದೆ. ಅರಮನೆಯ ದನಗಳಿಗಾಗಿ ಬೆಣ್ಣೆಚಾವಡಿಯನ್ನೂ ನಾಡಿನ ಸುದ್ದಿಗಾಗಿ ಅಂಚೆಯನ್ನೂ ಏರ್ಪಡಿಸಿದವರು ಅವರೇ ಎಂಬುದು ಪ್ರಸಿದ್ಧ. ಟಿಪ್ಪುವಿನ ಕಾಲದಲ್ಲಿ ಬೆಣ್ಣೆಚಾವಡಿ ಅಮೃತಮಹಲಾಯಿತು. ಮೈಸೂರು ಅಂಚೆ ಮಾತ್ರ ತನ್ನ ಹೆಸರಿನಲ್ಲಿಯೇ ಬಾಳಿ, 1889ರಲ್ಲಿ ಬ್ರಿಟಿಷರ ಟಪಾಲು ಇಲಾಖೆಯಲ್ಲಿ ಲೀನವಾಯಿತು.

ರೈಲು, ಮೋಟಾರುಗಳಿಲ್ಲದ ಆ ದಿನಗಳಲ್ಲಿ ಈ ದೇಶದ ಟಪಾಲೆಲ್ಲ ಓಡುತ್ತಿದ್ದುದು ಮನುಷ್ಯನ ಕಾಲಿನ ಮೇಲೆ. ಓಟಗಾರನ ಹೆಗಲಿಗೆ ಚೀಲ. ಕೈಯಲ್ಲಿ ಈಟಿ ಇಲ್ಲವೆ ದೊಣ್ಣೆ, ಅದರ ತುದಿಗೆ ಗೆಜ್ಜೆ ಗಂಟೆಗಳ ಗೊಂಚಲು. ಕಾಡಿನಲ್ಲಿ ಅದರ ಸದ್ದಿಗೆ ಪ್ರಾಣಿಗಳು ದಾರಿ ಬಿಡಬೇಕು, ಊರು ಸಮೀಪಿಸಿದರೆ ಮುಂದಿನ ಓಟಗಾರ ಸೊಂಟ ಬಿಗಿದು ನಿಲ್ಲಬೇಕು, ನದಿಯ ದಡದಲ್ಲಾದರೆ ಅಂಬಿಗ ದೋಣಿ ಬಿಚ್ಚಬೇಕು. ಮಳೆಗಾಲದ ರಾತ್ರಿಯಲ್ಲಿ ಆ ಸದ್ದನ್ನು ಹಾಸಿಗೆಯಲ್ಲಿ ಮಲಗಿ ಕೇಳಿದವರಿಗೆ ಅದು ಕಾಗದ ಬಂದ ಸಂಭ್ರಮ. ಓಡುತ್ತಿದ್ದವನಿಗೆ ತನ್ನ ಎದೆಯ ಬಡಿತದ ಜೊತೆಗಾರ.

ಮೈಸೂರಿನಿಂದ ನೀಲಗಿರಿಗೆ ಹೋಗುವ ರಸ್ತೆ ಗುಂಡ್ಲುಪೇಟೆಯನ್ನು ದಾಟಿ ಹಂಗಳದ ಮೇಲೆ ಬಂಡೀಪುರದ ಕಾಡಿಗೆ ಇಳಿಯುತ್ತದೆ. 2009ರಿಂದ ಈ ಕಾಡಿನ ರಸ್ತೆಗಳಲ್ಲಿ ರಾತ್ರಿ 9 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ ವಾಹನ ಸಂಚಾರಕ್ಕೆ ತಡೆಯಿದೆ. ತುರ್ತು ವಾಹನಗಳು ಮತ್ತು ಕೆಲವು ಬಸ್ಸುಗಳು ಮಾತ್ರ ಹೋಗುತ್ತವೆ. ಉಳಿದ ಲಾರಿಗಳು ಗೇಟಿನ ಈಚೆ ದೀಪ ಆರಿಸಿ ಸಾಲಾಗಿ ನಿಂತು ಆರು ಗಂಟೆಯಾಗುವುದನ್ನು ಕಾಯುತ್ತವೆ.